ಮಗಳ ಚೀನೀ ಬರವಣಿಗೆ ಕ್ಲಾಸು: ಇದು ಕಲೆಯೋ, ಸರ್ಕಾರದ ಪ್ರಚಾರವೋ?

ಮಲೆನಾಡು_ಟು_ಲೀಡ್ಸ್
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಉತ್ತರ ಕೊಡಿ.

ಮಗಳಿಗೆ ಹತ್ತು ವರ್ಷ. ಅವಳ ಶಾಲೆಯಲ್ಲಿ ವಾರಕ್ಕೊಮ್ಮೆ ಚೀನೀ ಭಾಷೆ ಮತ್ತು ಸಂಸ್ಕೃತಿಯ ಕ್ಲಾಸ್ ಇದೆ. ಕನ್‌ಫ್ಯೂಶಿಯಸ್ ಕ್ಲಾಸ್‌ರೂಮ್ ಅಂತ ಹೆಸರು. ಫೀಸ್ ಇಲ್ಲ. ಟೀಚರ್ ಚೀನಾದಿಂದಲೇ ಬಂದ ಹುಡುಗಿ, ತುಂಬಾ ಪ್ರೀತಿಯಿಂದ ಕಲಿಸುತ್ತಾರೆ.

ಮೊನ್ನೆ ಮಗಳು ಒಂದು ಚೌಕದ ಕೆಂಪು ಕಾಗದ ತಂದು ಬಾಗಿಲಿಗೆ ಅಂಟಿಸಿದಳು. ಕಪ್ಪು ಮಸಿಯಲ್ಲಿ 'ಫೂ' ಅನ್ನೋ ಅಕ್ಷರ, ಅಂದರೆ ಭಾಗ್ಯ. ತಲೆಕೆಳಗಾಗಿದೆಯಲ್ಲ ಪುಟ್ಟಿ ಅಂದೆ. ಅದು ಹಾಗೇ ಇರಬೇಕಮ್ಮ, ಚೀನೀ ಭಾಷೆಯಲ್ಲಿ 'ತಲೆಕೆಳಗಾಯ್ತು' ಅನ್ನೋಕೂ 'ಬಂತು' ಅನ್ನೋಕೂ ಒಂದೇ ಉಚ್ಚಾರ, ಹಾಗಾಗಿ ಭಾಗ್ಯ ಬಂತು ಅಂತ ಅರ್ಥ ಅಂದಳು. ಮಸಿ ಬಾಟಲಿಯದ್ದಲ್ಲ. ಮಸಿಯ ಕಡ್ಡಿಯನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು. ಅವಳು ತೇಯುವುದನ್ನು ನೋಡಿದರೆ ತೀರ್ಥಹಳ್ಳಿಯಲ್ಲಿ ಅಪ್ಪ ಬೆಳಿಗ್ಗೆ ಸಾಣೆಕಲ್ಲಿನ ಮೇಲೆ ಗಂಧ ತೇಯ್ತಿದ್ದದ್ದೇ ಕಣ್ಣ ಮುಂದೆ ಬಂತು. ಕಣ್ಣು ತುಂಬಿತು, ನಿಜ ಹೇಳ್ತೀನಿ.

ಆದರೆ ಆಫೀಸಿನ ಗೆಳತಿಯೊಬ್ಬಳು ಇದನ್ನು ಕೇಳಿ ಮುಖ ಗಂಟಿಕ್ಕಿದಳು. "ಅದು ಚೀನಾ ಸರ್ಕಾರದ ಹಣ, ಮಕ್ಕಳ ಮನಸ್ಸನ್ನು ಸಣ್ಣದರಿಂದಲೇ ತಮ್ಮ ಕಡೆ ಮಾಡಿಕೊಳ್ಳುವ ಉಪಾಯ, ಬಿಡಿಸಿಬಿಡು" ಅಂದಳು. ಅಂದಿನಿಂದ ನನಗೆ ಸಮಾಧಾನ ಇಲ್ಲ. ನೀವೇನಂತೀರಿ? ಕಳಿಸೋದಾ, ಬಿಡಿಸೋದಾ?

ಹೆಬ್ಬಾಳ_ಹುಡುಗ
ಬಿಡಿಸಿ ಅಕ್ಕ. ಯೋಚನೆ ಮಾಡೋದೇ ಬೇಡ. ಪುಕ್ಕಟೆ ಕೊಟ್ಟರು ಅಂದಮೇಲೆ ಅದಕ್ಕೊಂದು ಲೆಕ್ಕ ಇದ್ದೇ ಇರುತ್ತೆ.

ಕಾಫಿ_ಡಿಕಾಕ್ಷನ್
ಹಾಗಾದರೆ ಬೆಂಗಳೂರಿನ ವಸಂತನಗರದಲ್ಲಿರುವ ಫ್ರೆಂಚರ ಅಲಿಯಾನ್ಸ್ ಫ್ರಾನ್ಸೇಸ್, ಇಂದಿರಾನಗರದಲ್ಲಿರುವ ಜರ್ಮನರ ಮ್ಯಾಕ್ಸ್ ಮುಲ್ಲರ್ ಭವನ, ಬ್ರಿಟಿಷ್ ಕೌನ್ಸಿಲ್ ಎಲ್ಲವನ್ನೂ ಮುಚ್ಚಿಸಬೇಕಾಗುತ್ತೆ ಹೆಬ್ಬಾಳ ಅವರೇ. ಅಲಿಯಾನ್ಸ್ ಶುರುವಾದದ್ದು 1883ರಲ್ಲಿ, ಬ್ರಿಟಿಷ್ ಕೌನ್ಸಿಲ್ 1934ರಲ್ಲಿ. ಎಲ್ಲ ದೇಶವೂ ತನ್ನ ಭಾಷೆ, ಹಾಡು, ಊಟ ತೋರಿಸಿ ಬೇರೆಯವರ ಪ್ರೀತಿ ಗಳಿಸೋಕೆ ನೋಡುತ್ತೆ. ನಾವೂ 1950ರಲ್ಲೇ ಐಸಿಸಿಆರ್ ಅನ್ನೋ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಕಟ್ಟಿಕೊಂಡು ಭರತನಾಟ್ಯ, ಕಥಕ್ ತಂಡಗಳನ್ನು ಕಳಿಸ್ತಾ ಬಂದಿದ್ದೇವೆ. ಚೀನಾ ಮಾಡಿದರೆ ಮಾತ್ರ ತಪ್ಪಾ?

ಕಲಬುರಗಿ_ಮೇಷ್ಟ್ರು
ಡಿಕಾಕ್ಷನ್ ಅವರೇ, ಒಂದು ವ್ಯತ್ಯಾಸ ಇದೆ. ಅದನ್ನು ಬಿಟ್ಟು ಮಾತಾಡಿದರೆ ಪ್ರಯೋಜನ ಇಲ್ಲ. ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಅದರದ್ದೇ ಕಟ್ಟಡ ಇದೆ. ಬೇಕಾದವರು ಹೋಗ್ತಾರೆ, ಬೇಡದವರು ಹೋಗಲ್ಲ. ಇಂಥ ಕ್ಲಾಸ್‌ರೂಮ್‌ಗಳದ್ದೇ ದೊಡ್ಡ ರೂಪವಾದ, ಚೀನಾ ಸರ್ಕಾರದ ಕನ್‌ಫ್ಯೂಶಿಯಸ್ ಇನ್‌ಸ್ಟಿಟ್ಯೂಟ್ ಹಾಗಲ್ಲ. ಅದು ಇನ್ನೊಂದು ದೇಶದ ವಿಶ್ವವಿದ್ಯಾಲಯದ ಒಳಗೇ ಕೂತುಕೊಳ್ಳುತ್ತೆ. ಜಾಗ ಆ ವಿಶ್ವವಿದ್ಯಾಲಯದ್ದು, ಅರ್ಧ ಹಣ ಅದರದ್ದು, ಉಳಿದ ಹಣ ಮತ್ತು ಮೇಷ್ಟ್ರು ಬೀಜಿಂಗಿನಿಂದ. ಮನೆ ಪಕ್ಕದಲ್ಲಿ ಅಂಗಡಿ ಇಡೋದು ಬೇರೆ, ನಮ್ಮ ಮನೆಯ ಜಗಲಿಯಲ್ಲೇ ಇಡೋದು ಬೇರೆ, ಅಲ್ವಾ?

2014ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ನೂರಕ್ಕೂ ಹೆಚ್ಚು ಪ್ರಾಧ್ಯಾಪಕರು ಸಹಿ ಹಾಕಿ ಇದನ್ನೇ ಕೇಳಿದರು: ನಮ್ಮ ಕ್ಲಾಸಿನಲ್ಲಿ ಪಾಠ ಮಾಡುವವರನ್ನು ಇನ್ನೊಂದು ದೇಶದ ಸರ್ಕಾರಿ ಕಚೇರಿ ಯಾಕೆ ಆರಿಸಬೇಕು? ಅದೇ ವರ್ಷ ಅಲ್ಲಿ ಬಾಗಿಲು ಹಾಕಿದರು. ಕೆನಡಾದ ಮೆಕ್‌ಮಾಸ್ಟರ್ ಅದಕ್ಕೂ ಮೊದಲೇ, 2013ರಲ್ಲಿ ಮುಚ್ಚಿತ್ತು. ಅಮೆರಿಕದಲ್ಲಿ ಒಂದು ಕಾಲಕ್ಕೆ ನೂರರಷ್ಟಿದ್ದವು, 2023ರ ಹೊತ್ತಿಗೆ ಐದಕ್ಕಿಂತ ಕಡಿಮೆ ಉಳಿದವು.

ಹೆಬ್ಬಾಳ_ಹುಡುಗ
ನಾನು ಹೇಳಿದ್ದೂ ಅದೇ ಸರ್. ಬೀಜಿಂಗಿನಲ್ಲಿ ಮೊದಲನೇದು ತೆರೆದಾಗಲೇ ಗೊತ್ತಾಗಬೇಕಿತ್ತು.

ಸೋಲ್‌ನಲ್ಲಿ_ಒಬ್ಬಳು
ಮೊದಲನೇದು ಬೀಜಿಂಗಿನಲ್ಲಿ ಅಲ್ಲ, ಇಲ್ಲಿ ಸೋಲ್‌ನಲ್ಲಿ, 2004ರ ನವೆಂಬರ್‌ನಲ್ಲಿ. ಹೊರದೇಶದವರಿಗಾಗಿ ಮಾಡಿದ್ದು, ಬೀಜಿಂಗಿನಲ್ಲಿ ಯಾಕೆ ತೆರೀತಾರೆ!

ಇಲ್ಲಿನ ಕಥೆ ಒಂದಿದೆ, ಆಮೇಲೆ ಬರೀತೀನಿ. ಈಗ ಮೆಟ್ರೋದಲ್ಲಿದ್ದೇನೆ.

ಮಾಣಿ_ಬಡಗುತಿಟ್ಟು
ಲೀಡ್ಸ್ ಅಕ್ಕ, ಕ್ಲಾಸ್ ಬಿಡಿಸಬೇಡಿ. ಕಲೆ ಕಲಿತ ಮಗು ಕೆಡೋದಿಲ್ಲ.

ನಾನು ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುವವನು. ಮೇಯ್ ಲಾನ್‌ಫಾಂಗ್ ಅಂತ ಒಬ್ಬರು ಪೀಕಿಂಗ್ ಆಪೆರಾದ ಕಲಾವಿದರು. ನಮ್ಮ ಹಾಗೇ ಗಂಡಸು, ಹೆಣ್ಣು ಪಾತ್ರ ಮಾಡ್ತಿದ್ದವರು. ಅವರ ಹಳೇ ವಿಡಿಯೋದಲ್ಲಿ ಬರೀ ಕೈ ನೋಡಿ. ಬೆರಳು ಒಂದೊಂದಾಗಿ ಬಿಚ್ಚುತ್ತೆ, ತೋಳಿನ ತುದಿಯ ಬಿಳಿ ಬಟ್ಟೆ ನೀರಿನ ಹಾಗೆ ಹರಿಯುತ್ತೆ. ಮಂಡಿಯ ಬಾಗು, ಕತ್ತಿನ ತಿರುವು ಎಲ್ಲ ಅಳತೆಯಲ್ಲಿ. ನಾನು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಕಲಿತಿದ್ದೇನೆ.

1930ರಲ್ಲಿ ಅವರು ಅಮೆರಿಕಕ್ಕೆ ಹೋದರು. ಅದಕ್ಕೆ ದುಡ್ಡು ಕೂಡಿಸಿದ್ದು ಮುಖ್ಯವಾಗಿ ಸ್ನೇಹಿತರು, ಬ್ಯಾಂಕಿನವರು. ನ್ಯೂಯಾರ್ಕಿನಲ್ಲಿ ಎರಡು ವಾರ ಅಂತ ಇದ್ದದ್ದು ಐದು ವಾರ ಆಯಿತು. ಆಗ ಚೀನೀಯರು ಅಂದರೆ ಲಾಂಡ್ರಿಯವರು ಅಂತ ಮಾತ್ರ ತಿಳಿದಿದ್ದ ಊರು ಅದು. 1935ರಲ್ಲಿ ಮಾಸ್ಕೋಗೆ ಹೋದಾಗ ಜರ್ಮನಿಯ ನಾಟಕಕಾರ ಬ್ರೆಕ್ಟ್ ಅವರ ಆಟ ನೋಡಿದರು, ನೋಡಿ ನಟನೆಯ ಬಗ್ಗೆ ತಮ್ಮ ಚಿಂತನೆಯನ್ನೇ ಬೆಳೆಸಿಕೊಂಡರು. ಒಬ್ಬ ಕಲಾವಿದ ಒಂದು ಇಡೀ ದೇಶದ ಮೇಲಿನ ನೋಟ ಬದಲಿಸಿದರು ರೀ. ಅದನ್ನು ಪ್ರಚಾರ ಅಂತ ಕರೆಯೋಕೆ ನನಗೆ ಬಾಯಿ ಬರೋದಿಲ್ಲ.

ಮುಂದೆ ಜಪಾನಿನವರು ಊರು ಹಿಡಿದಾಗ ತಮಗಾಗಿ ಆಡಿ ಅಂತ ಒತ್ತಾಯ ಮಾಡಿದರು. ಮೇಯ್ ಮೀಸೆ ಬಿಟ್ಟರು. ಮೀಸೆ ಇದ್ದಮೇಲೆ ಹೆಣ್ಣು ವೇಷ ಹೇಗೆ ಕಟ್ಟೋದು? ಯುದ್ಧ ಮುಗಿಯುವವರೆಗೂ ರಂಗ ಹತ್ತಲಿಲ್ಲ.

ಕಾಫಿ_ಡಿಕಾಕ್ಷನ್
ಮೀಸೆಯ ವಿಷಯ ಗೊತ್ತಿರಲಿಲ್ಲ. ಓದಿ ಮೈ ಜುಮ್ ಅಂತು.

ಕಲಬುರಗಿ_ಮೇಷ್ಟ್ರು
ಮಾಣಿ ಅವರ ಮಾತು ಸರಿ. ಅದಕ್ಕೊಂದು ಸೇರಿಸ್ತೀನಿ. 1924ರಲ್ಲಿ ರವೀಂದ್ರನಾಥ ಟ್ಯಾಗೋರರು ಚೀನಾಕ್ಕೆ ಹೋಗಿದ್ದಾಗ ಮೇಯ್ ಅವರ ಆಟ ನೋಡಿ ಮೆಚ್ಚಿ, ಬೀಸಣಿಗೆಯ ಮೇಲೆ ಬಂಗಾಳಿಯಲ್ಲಿ ಕವಿತೆ ಬರೆದುಕೊಟ್ಟರು. ಶಾಂತಿನಿಕೇತನದಲ್ಲಿ 1937ರಲ್ಲಿ ಚೀನಾ ಭವನ ಆದದ್ದು ಆ ಪ್ರವಾಸದ ಮುಂದುವರಿಕೆ. ತಾನ್ ಯುನ್‌ಶಾನ್ ಅನ್ನುವ ವಿದ್ವಾಂಸರು ಅಲ್ಲೇ ಉಳಿದು ಅದನ್ನು ಕಟ್ಟಿದರು.

ಆದರೆ ಸರ್ಕಾರ ಕೈ ಹಾಕಿದ್ದೆಲ್ಲ ಕೆಟ್ಟದ್ದು ಅಂತಲೂ ಅಲ್ಲ. 1931ರಲ್ಲಿ ಜಪಾನ್ ಮಂಚೂರಿಯಾ ನುಂಗಿತು. ಚೀನಾಕ್ಕೆ ಹೊರಗಿನವರ ಸಹಾನುಭೂತಿ ಬೇಕಿತ್ತು. 1935ರಲ್ಲಿ ಒಂದು ಕಲಾ ಪ್ರದರ್ಶನಕ್ಕೆ ಅಂತ ಅರಮನೆಯ ಬೊಕ್ಕಸದ ಚಿತ್ರ, ಪಿಂಗಾಣಿ, ಕಂಚು ಎಲ್ಲ ಪೆಟ್ಟಿಗೆ ಕಟ್ಟಿ ಲಂಡನ್‌ಗೆ ಕಳಿಸಿದರು. ಬ್ರಿಟನ್ನಿನ ಯುದ್ಧನೌಕೆಯಲ್ಲೇ ಸಾಗಿಸಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಬಂದು ನೋಡಿದರು. ಅಂದರೆ ಈ 'ಸಂಸ್ಕೃತಿ ತೋರಿಸಿ ಸ್ನೇಹ ಗಳಿಸುವ' ಕೆಲಸ ಈಗಿನ ಕಮ್ಯುನಿಸ್ಟ್ ಪಕ್ಷದ ಸರ್ಕಾರಕ್ಕಿಂತ ಹಳೆಯದು. ಅದೇ ವಸ್ತುಗಳಲ್ಲಿ ಎಷ್ಟೋ ಈಗ ತೈಪೆಯ ಮ್ಯೂಸಿಯಂನಲ್ಲಿವೆ. ಆಗಿನ ಚೀನಾದ ನಾಯಕ ಚಿಯಾಂಗ್ ಕೈಶೇಕ್ ಕಮ್ಯುನಿಸ್ಟರಿಗೆ ಸೋತು ತೈವಾನ್ ದ್ವೀಪಕ್ಕೆ ಹೋಗುವಾಗ ಜೊತೆಗೆ ಒಯ್ದದ್ದು. ಮುಂದೆ ಎಷ್ಟೋ ವರ್ಷ "ನಿಜವಾದ ಚೀನಾ ನಮ್ಮದೇ" ಅಂತ ಹೇಳೋಕೆ ತೈವಾನಿಗೆ ಆ ಪಿಂಗಾಣಿಯೇ ಸಾಕ್ಷಿ ಆಯಿತು.

ಗೋಬಿ_ಪ್ರೇಮಿ
ಚೀನೀ ಸಂಸ್ಕೃತಿ ಅಂದರೆ ನಮ್ಮೂರಿಗೆ ಗೋಬಿ ಮಂಚೂರಿಯೇ. ಮಂಚೂರಿಯಾದವರು ಅದನ್ನು ಕಂಡೇ ಇಲ್ಲವಂತೆ!

ಕಾಫಿ_ಡಿಕಾಕ್ಷನ್
ಮಂಚೂರಿ ಮುಂಬೈಯ ಅಡುಗೆ. ನೆಲ್ಸನ್ ವಾಂಗ್ ಅಂತ ಕಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗರು ಚಿಕನ್‌ನಲ್ಲಿ ಮಾಡಿದ್ದು, ಗೋಬಿ ಆಮೇಲೆ ಬಂತು. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಅದಕ್ಕೆ ಹಾಕುವ ಕೃತಕ ಬಣ್ಣ ನಿಷೇಧ ಮಾಡಿತಲ್ಲ, ಅದು ಒಳ್ಳೆ ಕೆಲಸ. ಬಣ್ಣ ಇಲ್ಲದೆಯೂ ರುಚಿ ಹಾಗೇ ಇದೆ.

ಅಂದ ಹಾಗೆ ಚೀನಾದಿಂದ ನಮ್ಮ ಅಡುಗೆಮನೆಗೆ ಬಂದು ಕೂತದ್ದು ಗೋಬಿಗಿಂತ ಮೊದಲು ಟೀ. ಧಾರವಾಡದ ಕಡೆ 'ಚಹಾ', ಮೈಸೂರು ಕಡೆ 'ಟೀ'. ಎರಡೂ ಚೀನೀ ಮಾತೇ. ಉತ್ತರದ ಉಚ್ಚಾರ 'ಛಾ', ಫುಜಿಯಾನ್ ಕರಾವಳಿಯಲ್ಲಿ 'ತೆ'. ಡಚ್ಚರು ಹಡಗಿನಲ್ಲಿ 'ತೆ' ಒಯ್ದರು, ಅದು ಇಂಗ್ಲಿಷಿನವರ ಬಾಯಲ್ಲಿ ಟೀ ಆಗಿ ನಮಗೆ ಬಂತು. ಒಂದೇ ಕನ್ನಡ ನಾಡಿನಲ್ಲಿ ಎರಡೂ ಉಳಿದುಕೊಂಡಿವೆ. ಯಾವ ರಾಯಭಾರಿಯೂ ತಂದದ್ದಲ್ಲ.

ಮಲೆನಾಡು_ಟು_ಲೀಡ್ಸ್
ನಮ್ಮ ಕಡೆ ಸಿಹಿಕುಂಬಳಕ್ಕೆ ಚೀನಿಕಾಯಿ ಅಂತಾರೆ. ಇಷ್ಟು ವರ್ಷ ಹೇಳ್ತಾ ಬಂದರೂ ಆ ಹೆಸರಿನ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ ನೋಡಿ.

ನಿರ್ವಾಹಕ
ಊಟದ ಚರ್ಚೆಗೆ ಬೇರೆ ಎಳೆ ಇದೆ. ದಯವಿಟ್ಟು ವಿಷಯಕ್ಕೆ ಬನ್ನಿ.

ಶೆನ್‌ಜೆನ್_ಕನ್ನಡಿಗ
ನಾನು ಏಳು ವರ್ಷದಿಂದ ಚೀನಾದಲ್ಲಿದ್ದೇನೆ, ಎಲೆಕ್ಟ್ರಾನಿಕ್ಸ್ ಕೆಲಸ. ಒಂದೆರಡು ಮಾತು.

ಇಲ್ಲಿನ ಜನರಿಗೆ ಸಂಸ್ಕೃತಿ ಅನ್ನೋದು ಸರ್ಕಾರ ಕೊಟ್ಟದ್ದಲ್ಲ. ಮಧ್ಯ ಶರತ್ಕಾಲದ ಹಬ್ಬಕ್ಕೆ ಮನೆ ಮಾಲೀಕರು, ಇಲ್ಲಿ ಅಜ್ಜಿ ಅಂತಲೇ ಕರೀತೀನಿ, ಪ್ರತಿ ವರ್ಷ ಚಂದ್ರನ ಕಡುಬು ತಂದುಕೊಡ್ತಾರೆ. ಒಳಗೆ ಕಮಲದ ಬೀಜದ ಹೂರಣ, ನಡುವೆ ಉಪ್ಪಿನಲ್ಲಿ ಹಾಕಿದ ಮೊಟ್ಟೆಯ ಹಳದಿ. ನಾನು ಮೊಟ್ಟೆ ತಿನ್ನಲ್ಲ ಅಂತ ಗೊತ್ತಾದ ಮೇಲೆ ಹೆಸರುಬೇಳೆಯ ಹೂರಣದ್ದನ್ನೇ ಹುಡುಕಿ ತರ್ತಾರೆ. ಅಜ್ಜಿಯ ಚಿಕ್ಕ ವಯಸ್ಸಿನಲ್ಲಿ ಇದೇ ಹಬ್ಬ, ಪೂರ್ವಜರ ಪೂಜೆ ಎಲ್ಲವನ್ನೂ 'ಹಳೇ ಕಸ' ಅಂತ ಬೈದ ಕಾಲ ಇತ್ತು. ಪೂರ್ವಜರ ಹೆಸರಿನ ಹಲಗೆಯನ್ನು ಅವರ ತಾಯಿ ಅಕ್ಕಿಯ ಡಬ್ಬಿಯೊಳಗೆ ಬಚ್ಚಿಟ್ಟಿದ್ದರಂತೆ.

ಅದನ್ನು ಕೇಳಿದ ಮೇಲೆ ಕನ್‌ಫ್ಯೂಶಿಯಸ್ ಹೆಸರು ಕೇಳಿದಾಗೆಲ್ಲ ನನಗೆ ಅನಿಸೋದು ಒಂದೇ. 1966ರ ನವೆಂಬರ್‌ನಲ್ಲಿ ಮಾವೋನ ಯುವಪಡೆ ರೆಡ್ ಗಾರ್ಡ್‌ಗಳು ಚೂಫು ಊರಿಗೆ ಹೋಗಿ ಆ ಪ್ರಾಚೀನ ಚಿಂತಕನ ಸಮಾಧಿಯನ್ನೇ ಒಡೆದರು. 1974ರಲ್ಲಿ ದೇಶವಿಡೀ ಅವನನ್ನು ಖಂಡಿಸುವ ಚಳವಳಿ. ಮೂವತ್ತು ವರ್ಷ ಕಳೆಯೋದರಲ್ಲಿ ಅದೇ ಪಕ್ಷ ಅವನ ಹೆಸರಿನ ಫಲಕ ಹಿಡಿದು ಪ್ರಪಂಚ ಸುತ್ತೋಕೆ ಹೊರಟಿತು. 2008ರ ಒಲಿಂಪಿಕ್ಸ್ ಉದ್ಘಾಟನೆ ನೆನಪಿದೆಯಾ? 2008 ಜನ ಡೋಲು ಬಾರಿಸ್ತಾ "ದೂರದಿಂದ ಸ್ನೇಹಿತರು ಬಂದರೆ ಎಷ್ಟು ಸಂತೋಷ" ಅಂತ ಹೇಳಿದ್ದು ಕನ್‌ಫ್ಯೂಶಿಯಸ್ಸನ ಮಾತೇ.

ಹೆಬ್ಬಾಳ_ಹುಡುಗ
ಅಂದರೆ ಅವರಿಗೇ ಅವನ ಮೇಲೆ ನಂಬಿಕೆ ಇಲ್ಲ, ಹೊರಗಿನವರಿಗೆ ಮಾತ್ರ ತೋರಿಸೋದು?

ಶೆನ್‌ಜೆನ್_ಕನ್ನಡಿಗ
ಅಷ್ಟು ಸುಲಭ ಅಲ್ಲ. 2011ರ ಜನವರಿಯಲ್ಲಿ ತಿಯಾನನ್‌ಮೆನ್ ಚೌಕದ ಪಕ್ಕ, ನ್ಯಾಷನಲ್ ಮ್ಯೂಸಿಯಂ ಮುಂದೆ, ಒಂಬತ್ತೂವರೆ ಮೀಟರ್ ಎತ್ತರದ ಕನ್‌ಫ್ಯೂಶಿಯಸ್ ಕಂಚಿನ ಪ್ರತಿಮೆ ನಿಲ್ಲಿಸಿದರು. ಏಪ್ರಿಲ್‌ನಲ್ಲಿ ಒಂದು ರಾತ್ರಿ ಅದು ಅಲ್ಲಿಂದ ಮಾಯ. ಒಳಗಿನ ಅಂಗಳಕ್ಕೆ ಸಾಗಿಸಿದ್ದರು. ಮಾವೋ ಚಿತ್ರದ ಎದುರು ಅವನು ನಿಲ್ಲಬಹುದಾ ಅನ್ನೋದು ಪಕ್ಷದೊಳಗೇ ತೀರ್ಮಾನ ಆಗಿರಲಿಲ್ಲ ಅಂತ ನನಗೆ ಅನಿಸುತ್ತೆ. 2007ರಲ್ಲಿ ಆಗಿನ ಅಧ್ಯಕ್ಷ ಹು ಜಿಂಟಾವೊ ಪಕ್ಷದ ಮಹಾಧಿವೇಶನದಲ್ಲೇ ಸಂಸ್ಕೃತಿ ದೇಶದ 'ಮೃದು ಶಕ್ತಿ' ಅಂತ ಹೇಳಿ ಆಗಿತ್ತು. ಹೇಳೋದು ಒಂದು, ಹಳೆಯದರ ಜೊತೆ ನಿಜವಾಗಿ ರಾಜಿ ಆಗೋದು ಇನ್ನೊಂದು.

ಸೋಲ್‌ನಲ್ಲಿ_ಒಬ್ಬಳು
ಮನೆಗೆ ಬಂದೆ. ಇಲ್ಲಿನ ಕಥೆ ಹೇಳ್ತೀನಿ.

2022ರ ಫೆಬ್ರವರಿ 4, ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ. ಚೀನಾದ ಬೇರೆ ಬೇರೆ ಜನಾಂಗದವರು ಸೇರಿ ಬಾವುಟ ಒಯ್ಯುವ ದೃಶ್ಯ. ಅದರಲ್ಲಿ ಒಬ್ಬಳು ಹುಡುಗಿ ಕೊರಿಯಾದ ಹಾನ್‌ಬೋಕ್ ಉಟ್ಟಿದ್ದಳು, ಬಿಳಿ ರವಿಕೆ, ಗುಲಾಬಿ ಲಂಗ. ನಾನು ಆಗ ಆಫೀಸಿನ ಗೆಳತಿಯರ ಜೊತೆ ಟೀವಿ ಮುಂದೆ ಇದ್ದೆ. ಕೋಣೆಯಲ್ಲಿ ಒಮ್ಮೆಗೇ ಮಾತು ನಿಂತಿತು. ಮರುದಿನ ಪೇಪರ್ ತುಂಬಾ ಅದೇ. "ನಮ್ಮ ಉಡುಗೆಯನ್ನೂ ಅವರದ್ದು ಅಂತಾರೆ" ಅಂತ. ಅದಕ್ಕೂ ಮೊದಲು 2020ರಲ್ಲಿ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿ ಯಾರದ್ದು ಅಂತ ದೊಡ್ಡ ಜಗಳ ಆಗಿತ್ತು.

ಆದರೆ ಆ ಹುಡುಗಿಯ ಪರವಾಗಿಯೂ ಒಂದು ಮಾತಿದೆ. ಚೀನಾದಲ್ಲಿ ಕೊರಿಯಾ ಮೂಲದವರು ಲಕ್ಷಗಟ್ಟಲೆ ಇದ್ದಾರೆ, ಹಾನ್‌ಬೋಕ್ ಅವರ ಅಜ್ಜಿಯರದ್ದೂ ಹೌದು. ಅವಳು ತನ್ನ ಬಟ್ಟೆ ಉಟ್ಟಳು ಅಷ್ಟೇ. ಆ ಬಟ್ಟೆ ಅವಳ ಕೈಯಿಂದ ವೇದಿಕೆ ಮಾಡಿದವರ ಕೈಗೆ ಹೋದ ಕೂಡಲೇ ಎರಡು ದೇಶದ ಗಡಿ ಜಗಳ ಆಯಿತು. ನನಗೆ ತುಂಬಾ ಬೇಜಾರಾಗಿತ್ತು ಆ ದಿನ. ಜನ ಗೆಲ್ಲೋಕೆ ಅಂತ ಮಾಡಿದ್ದು ಇಲ್ಲಿ ಜನರನ್ನು ದೂರ ಮಾಡಿತು.

ಕಾಫಿ_ಡಿಕಾಕ್ಷನ್
ಪಾಂಡಾ ಬಗ್ಗೆ ಯಾರೂ ಹೇಳಲಿಲ್ಲ? ಅದರಷ್ಟು ಗೆದ್ದದ್ದು ಬೇರೆ ಇಲ್ಲ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋಗಿದ್ದಾಗ ಅವರ ಹೆಂಡತಿ ಊಟದ ಮೇಜಿನ ಮೇಲಿದ್ದ ಸಿಗರೇಟ್ ಡಬ್ಬಿಯ ಪಾಂಡಾ ಚಿತ್ರ ಮೆಚ್ಚಿದರು, ಚೀನಾದ ಪ್ರಧಾನಿ ಚೌ ಎನ್‌ಲಾಯ್ ನಿಮಗೂ ಎರಡು ಕೊಡ್ತೀವಿ ಅಂದರು ಅಂತ ಕಥೆ. ಎಲ್ಲ ದೇಶಕ್ಕೂ ಉಡುಗೊರೆ ಕೊಟ್ಟಿದ್ದಾರೆ.

ಮಲೆನಾಡು_ಟು_ಲೀಡ್ಸ್
ಎಡಿನ್‌ಬರೋ ಮೃಗಾಲಯದಲ್ಲಿ ನೋಡಿದ್ದೆವು. 2011ರಲ್ಲಿ ಬಂದಿದ್ದ ಜೋಡಿ. 2023ರ ಡಿಸೆಂಬರ್‌ನಲ್ಲಿ ವಾಪಸ್ ಹೋದವು. ಮಗಳು ಅವತ್ತು ಅತ್ತಿದ್ದಳು.

ಕಲಬುರಗಿ_ಮೇಷ್ಟ್ರು
ಉಡುಗೊರೆ ಅಲ್ಲ ಡಿಕಾಕ್ಷನ್ ಅವರೇ, ಉಡುಗೊರೆ ಕೊಡುವ ಕಾಲ 1980ರ ದಶಕದಲ್ಲೇ ಮುಗೀತು. ಈಗ ಬಾಡಿಗೆ ಲೆಕ್ಕ. ಒಂದು ಜೋಡಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೂ ಕೊಡಬೇಕು. ಮರಿ ಹುಟ್ಟಿದರೂ ಅದು ಚೀನಾದ್ದೇ. ಹಣ ಪಾಂಡಾ ಸಂರಕ್ಷಣೆಗೆ ಅಂತ ಹೇಳ್ತಾರೆ. ಫಿನ್‌ಲ್ಯಾಂಡಿನ ಅಹ್ತಾರಿ ಅನ್ನೋ ಸಣ್ಣ ಊರಿನ ಮೃಗಾಲಯ 2018ರಲ್ಲಿ ಒಂದು ಜೋಡಿ ತರಿಸಿ, 80 ಲಕ್ಷ ಯೂರೋ ಹಾಕಿ ಮನೆ ಕಟ್ಟಿಸಿತು. ಹದಿನೈದು ವರ್ಷದ ಒಪ್ಪಂದ. ಸಾಕೋಕೆ ಆಗದೆ 2024ರ ನವೆಂಬರ್‌ನಲ್ಲೇ ವಾಪಸ್ ಕಳಿಸಿತು. ಜಗಳ ಏನೂ ಇಲ್ಲ, ಕೈಯಲ್ಲಿ ಕಾಸಿಲ್ಲ ಅಷ್ಟೇ.

ಗೋಬಿ_ಪ್ರೇಮಿ
ನಮ್ಮ ಮೈಸೂರು ಝೂಗೆ ಬಂದರೆ ನಾನಂತೂ ದಿನಾ ಹೋಗ್ತೀನಿ.

ಮುಂಡಗೋಡ_ರೈತ
ನಾನು ಸುಮ್ನೆ ಓದಿಕೊಂಡು ಹೋಗೋಣ ಅಂತಿದ್ದೆ. ಆದರೆ ಒಂದು ಮಾತು ಹೇಳದಿದ್ದರೆ ನಿದ್ದೆ ಬರಲ್ಲ.

ನಮ್ಮ ಹೊಲದ ಪಕ್ಕದಲ್ಲೇ ಟಿಬೆಟಿಯನ್ ಕಾಲೊನಿ. 1966ರಿಂದ ಇದ್ದಾರೆ. ಲ್ಹಾಸಾದ ಡ್ರೆಪುಂಗ್, ಗಾಂಡೆನ್ ಮಠಗಳನ್ನು ಇಲ್ಲಿ ಮತ್ತೆ ಕಟ್ಟಿಕೊಂಡರು. ಬೈಲಕುಪ್ಪೆಯಲ್ಲಿ ಸೆರಾ ಮಠ. ನಮ್ಮ ಅಪ್ಪನ ಕಾಲದಲ್ಲಿ ಅವರಿಗೆ ಮೆಕ್ಕೆಜೋಳ ಬಿತ್ತೋದು ತೋರಿಸಿಕೊಟ್ಟವರು ನಮ್ಮೂರಿನವರು. ಈಗ ಅವರ ಹುಡುಗರು ನನಗಿಂತ ಚೆನ್ನಾಗಿ ಕನ್ನಡ ಮಾತಾಡ್ತಾರೆ.

ಅಲ್ಲಿನ ಒಬ್ಬ ಹಿರಿಯ ತಂಗ್ಕಾ ಚಿತ್ರ ಬರೀತಾರೆ. ಬಟ್ಟೆಗೆ ಸುಣ್ಣ, ಅಂಟು ಹಚ್ಚಿ, ಒಣಗಿಸಿ, ಕಲ್ಲಿನಿಂದ ಉಜ್ಜಿ ಉಜ್ಜಿ ನುಣುಪು ಮಾಡ್ತಾರೆ. ಬುದ್ಧನ ಕಣ್ಣು ಬರೆಯೋದು ಎಲ್ಲಕ್ಕಿಂತ ಕೊನೆಗೆ. ಒಂದು ಚಿತ್ರಕ್ಕೆ ತಿಂಗಳುಗಟ್ಟಲೆ. ಟಿಬೆಟಿನ ಲ್ಹಾಮೋ ಆಟ, ಗೇಸರ್ ರಾಜನ ಕಾವ್ಯ ಎರಡೂ 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು, ಚೀನಾದ ಹೆಸರಿನಲ್ಲಿ. ಇದನ್ನು ಅವರಿಗೆ ಹೇಳಿದಾಗ ಅವರು ಕುಂಚ ಕೆಳಗಿಟ್ಟರು. "ನಾವು ಹೊತ್ತುಕೊಂಡು ಬಂದದ್ದು, ಹೆಸರು ಇನ್ನೊಬ್ಬರದ್ದು" ಅಂದರು. ಮತ್ತೆ ಏನೂ ಮಾತಾಡಲಿಲ್ಲ.

ಒಂದು ದೇಶ ತನ್ನ ಸಂಸ್ಕೃತಿ ಅಂತ ತೋರಿಸುವಾಗ ಅದರಲ್ಲಿ ಯಾರದ್ದೆಲ್ಲ ಸೇರಿಸಿದ್ದಾರೆ, ಅವರನ್ನು ಕೇಳಿ ಸೇರಿಸಿದ್ದಾರಾ ಅನ್ನೋದು ನೋಡಬೇಕು. ಇದು ನನ್ನ ಮಾತು.

ಶೆನ್‌ಜೆನ್_ಕನ್ನಡಿಗ
ಅಣ್ಣ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಅಲ್ಲಿ ಊರೊಳಗೇ ಉಳಿದು ಆ ಆಟ ಆಡುತ್ತಿರುವ ಟಿಬೆಟಿನವರೂ ಇದ್ದಾರೆ, ಆ ಪಟ್ಟಿಯಿಂದ ಅವರಿಗೆ ಸಹಾಯವೂ ಆಗಿರಬಹುದು. ಆದರೆ ಆ ಹಿರಿಯರ ನೋವು ಸುಳ್ಳಲ್ಲ.

ಕಲಬುರಗಿ_ಮೇಷ್ಟ್ರು
ಮುಂಡಗೋಡ ಅವರು ಹೇಳಿದ್ದಕ್ಕೆ ಸೇರುವ ಒಂದು ಚರಿತ್ರೆ. 1957ರ ಜನವರಿಯಲ್ಲಿ ಹ್ಯೂಯೆನ್ ತ್ಸಾಂಗನ ಅವಶೇಷವನ್ನು ಚೀನಾ ಸರ್ಕಾರ ಭಾರತಕ್ಕೆ ಕೊಟ್ಟಿತು. ನಳಂದದಲ್ಲಿ ನೆಹರೂ ಕೈಗೆ ಅದನ್ನು ಒಪ್ಪಿಸಿದವರು ಯಾರು ಗೊತ್ತಾ? ಚೀನಾದ ಪರವಾಗಿ ದಲಾಯಿ ಲಾಮಾ. ಎರಡೇ ವರ್ಷಕ್ಕೆ, 1959ರಲ್ಲಿ, ಅದೇ ದಲಾಯಿ ಲಾಮಾ ಬೆಟ್ಟ ದಾಟಿ ಭಾರತಕ್ಕೆ ಬಂದರು. ಆಮೇಲೆ 1962ರ ಯುದ್ಧ. ನಳಂದದ ಹ್ಯೂಯೆನ್ ತ್ಸಾಂಗ್ ಸ್ಮಾರಕ ಭವನ ಉದ್ಘಾಟನೆ ಆದದ್ದು 2007ರಲ್ಲಿ, ಸರಿಯಾಗಿ ಐವತ್ತು ವರ್ಷಕ್ಕೆ!

ಗೋಬಿ_ಪ್ರೇಮಿ
ಹ್ಯೂಯೆನ್ ತ್ಸಾಂಗ್ ನಮ್ಮ ಹಂಪಿಗೆ ಬಂದಿದ್ದನಲ್ವಾ ಸರ್? ಸ್ಕೂಲಲ್ಲಿ ಓದಿದ ನೆನಪು.

ಕಲಬುರಗಿ_ಮೇಷ್ಟ್ರು
ಇಲ್ಲಪ್ಪ. ಅವನು ಬಂದದ್ದು ಏಳನೇ ಶತಮಾನದಲ್ಲಿ. ವಿಜಯನಗರ ಹುಟ್ಟೋಕೆ ಇನ್ನೂ ಏಳುನೂರು ವರ್ಷ ಬಾಕಿ ಇತ್ತು. ಆಗ ಇದ್ದದ್ದು ಬಾದಾಮಿ ಚಾಲುಕ್ಯರು, ಇಮ್ಮಡಿ ಪುಲಕೇಶಿ. ಅವನ ಬರಹದಲ್ಲಿ ರಾಜನ ಹೆಸರು 'ಪು-ಲೋ-ಕಿ-ಶೆ' ಅಂತ ಇದೆ. ಇಲ್ಲಿನ ಜನ ಸ್ವಾಭಿಮಾನಿಗಳು, ಉಪಕಾರ ಮರೆಯೋದಿಲ್ಲ, ಅವಮಾನ ಸಹಿಸೋದಿಲ್ಲ ಅಂತ ಬರೆದಿದ್ದಾನೆ. ಸೋತು ಬಂದ ಸೇನಾಪತಿಗೆ ಹೆಂಗಸರ ಬಟ್ಟೆ ಕೊಡ್ತಿದ್ದರು, ಯುದ್ಧಕ್ಕೆ ಮೊದಲು ಆನೆಗಳಿಗೆ ಮದ್ಯ ಕುಡಿಸ್ತಿದ್ದರು ಅಂತಲೂ ಇದೆ. ಹರ್ಷನಿಗೂ ಈ ರಾಜ ಬಗ್ಗಲಿಲ್ಲ ಅಂತಾನೆ. ಐಹೊಳೆಯ ಮೇಗುಟಿಯಲ್ಲಿ 634ರ ಶಾಸನದಲ್ಲಿ ರವಿಕೀರ್ತಿ ಹರ್ಷನ ಹರ್ಷ ಹೋಯಿತು ಅಂತ ಬರೆದ ವಿಷಯವೇ ಅದು. ನಮ್ಮ ಕಲ್ಲು ಹೇಳಿದ್ದನ್ನು ಚೀನಾದ ಭಿಕ್ಷು ಬರೆದ ಪುಸ್ತಕವೂ ಹೇಳುತ್ತೆ. ಇದನ್ನು ಕ್ಲಾಸಿನಲ್ಲಿ ಹೇಳುವಾಗ ಪ್ರತಿ ಸಲವೂ ನನಗೆ ಗಂಟಲು ಕಟ್ಟುತ್ತೆ.

ಹೆಬ್ಬಾಳ_ಹುಡುಗ
ಚೆನ್ನಾಗಿದೆ ಸರ್. ಆದರೆ ಇದೇ ಭಿಕ್ಷುವಿನ ಹೆಸರು ಹೇಳಿಯೇ ತಾನೇ 2015ರಲ್ಲಿ ಷಿ ಜಿನ್‌ಪಿಂಗ್ ಮೋದಿಯವರನ್ನು ಶಿಆನ್‌ನ ಪಗೋಡಕ್ಕೆ ಕರ್ಕೊಂಡು ಹೋದದ್ದು? 2019ರಲ್ಲಿ ಮಾಮಲ್ಲಪುರದಲ್ಲಿ ಪಲ್ಲವರ ಕಾಲದ ನಂಟು ಅಂತ ಎಳನೀರು ಕುಡಿದರು. ಎಂಟು ತಿಂಗಳಿಗೆ ಗಲ್ವಾನ್. ನಮ್ಮ ಇಪ್ಪತ್ತು ಸೈನಿಕರು ಹೋದರು. ಸಂಸ್ಕೃತಿ ಏನು ಮಾಡಿತು ಹೇಳಿ? ನನ್ನ ಸೋದರಮಾವ ಸೈನ್ಯದಲ್ಲಿದ್ದವರು, ಲಡಾಖ್‌ನಲ್ಲಿ ಮೂರು ಚಳಿಗಾಲ ಕಳೆದವರು. ಅದಕ್ಕೇ ನನಗೆ ಈ ಮಾತು ಬರೋದು. ಕೋಪ ಅಂತ ತಿಳಿಯಬೇಡಿ.

ಕಲಬುರಗಿ_ಮೇಷ್ಟ್ರು
ಕೋಪ ಇದ್ದರೂ ತಪ್ಪಿಲ್ಲಪ್ಪ. ನೀನು ಹೇಳಿದ್ದು ಸರಿ. ಗಡಿಯ ಜಗಳವನ್ನು ಪಗೋಡ ಬಗೆಹರಿಸೋದಿಲ್ಲ. ಇನ್ನೊಂದನ್ನೂ ನೋಡು. ಹದಿನೈದನೇ ಶತಮಾನದ ಝೆಂಗ್ ಹ ನಾವಿಕನನ್ನು ಈಗ ಶಾಂತಿದೂತ ಅಂತ ಚೀನಾ ಎಲ್ಲ ಕಡೆ ತೋರಿಸುತ್ತೆ. ಶ್ರೀಲಂಕಾದ ಗಾಲೆಯಲ್ಲಿ ಅವನು ಇಡಿಸಿದ ಕಲ್ಲು ಸಿಕ್ಕಿದೆ. ಚೀನೀ, ತಮಿಳು, ಪರ್ಷಿಯನ್ ಮೂರು ಭಾಷೆ, ಬುದ್ಧನಿಗೆ, ವಿಷ್ಣುವಿನ ಅವತಾರಕ್ಕೆ, ಅಲ್ಲಾಹನಿಗೆ ಕಾಣಿಕೆ. ತುಂಬಾ ಚೆಂದದ ಕಲ್ಲು. ಆದರೆ ಅದೇ ದ್ವೀಪದ ಅರಸನನ್ನು 1411ರ ಹೊತ್ತಿಗೆ ಸೆರೆಹಿಡಿದು ಚೀನಾಕ್ಕೆ ಒಯ್ದದ್ದೂ ಅವನೇ. ಕಲ್ಲನ್ನೂ ಹೇಳಬೇಕು, ಸೆರೆಯನ್ನೂ ಹೇಳಬೇಕು. ಪ್ರಚಾರದಲ್ಲಿ ಎರಡನೇದು ಬಿಟ್ಟುಹೋಗುತ್ತೆ. ಅದೇ ತೊಂದರೆ.

ಕಾಫಿ_ಡಿಕಾಕ್ಷನ್
ಹೆಬ್ಬಾಳ ಅವರೇ, ಇನ್ನೊಂದು ದಿಕ್ಕಿನದ್ದೂ ಕೇಳಿ. ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಗುರುಗಳು 2011ರಲ್ಲಿ, ತಮ್ಮ 92ನೇ ವಯಸ್ಸಿನಲ್ಲಿ, ಗುವಾಂಗ್‌ಝೌಗೆ ಹೋಗಿ ಯೋಗ ಹೇಳಿಕೊಟ್ಟು ಬಂದರು. ಆ ವಯಸ್ಸಿನಲ್ಲಿ ಅಷ್ಟು ದೂರ ಹೋಗಿದ್ದು ಕಲಿಯೋ ಜನ ಇದ್ದರು ಅಂತ.

ಶೆನ್‌ಜೆನ್_ಕನ್ನಡಿಗ
ಹೌದು, ನಮ್ಮ ಬೀದಿಯಲ್ಲೇ ಮೂರು ಯೋಗ ಶಾಲೆ ಇವೆ. 'ಅಧೋಮುಖ ಶ್ವಾನಾಸನ' ಅಂತ ಚೀನೀ ಹುಡುಗಿಯರು ನಮಗಿಂತ ಸ್ಪಷ್ಟವಾಗಿ ಹೇಳ್ತಾರೆ. ಕುನ್‌ಮಿಂಗ್‌ನಲ್ಲಿ 2015ರಿಂದ ಭಾರತ-ಚೀನಾ ಯೋಗ ಕಾಲೇಜೇ ಇದೆ.

ಚೀನಾದ ಕಡೆಯಿಂದಲೂ ಈಚೆಗೆ ಜಾಸ್ತಿ ಗೆದ್ದದ್ದು ಸರ್ಕಾರಿ ಕಚೇರಿಯ ಕೆಲಸ ಅಲ್ಲ. ಸಿಚುವಾನ್‌ನ ಲೀ ಝೀಚಿ ಅನ್ನೋ ಹುಡುಗಿ ಅಜ್ಜಿಯ ಜೊತೆ ಹಳ್ಳಿಯಲ್ಲಿ ಸೋಯಾ ಬೀಜದಿಂದ ಸಾಸ್ ಮಾಡೋದು, ಬಿದಿರಿನ ಮಂಚ ಹೆಣೆಯೋದು ವಿಡಿಯೋ ಹಾಕಿದಳು. ಮಾತು ತೀರಾ ಕಡಿಮೆ. ಯೂಟ್ಯೂಬ್‌ನಲ್ಲಿ ಚೀನೀ ಭಾಷೆಯ ಚಾನೆಲ್‌ಗಳಲ್ಲೇ ಅತಿ ಹೆಚ್ಚು ಚಂದಾದಾರರು ಅಂತ ಗಿನ್ನೆಸ್ ದಾಖಲೆ ಆಯಿತು. ಆಮೇಲೆ ಸರ್ಕಾರಿ ಟೀವಿಯವರೂ ಅವಳನ್ನು ಹೊಗಳಿದರು. ನನ್ನ ಅಮ್ಮ ದಾವಣಗೆರೆಯಲ್ಲಿ ಕೂತು ಅವಳ ವಿಡಿಯೋ ನೋಡಿ "ಪಾಪ ಎಷ್ಟು ಕೆಲಸ ಮಾಡ್ತಾಳೆ ಮಗಾ" ಅಂತ ಫೋನ್ ಮಾಡಿದ್ದರು. ನಾನು ಚೀನಾಕ್ಕೆ ಹೋಗೋದು ಬೇಡ ಅಂತ ಹಟ ಹಿಡಿದಿದ್ದ ಅಮ್ಮ ಅವರು.

ಮಾಣಿ_ಬಡಗುತಿಟ್ಟು
ನೋಡಿ, ಅದೇ. ಮತ್ತೆ ನನಗೊಂದು ಸಂಕಟ. ಚೀನಾದ ಕುನ್‌ಚು ಆಪೆರಾ 2001ರಲ್ಲೇ ಯುನೆಸ್ಕೋ ಮಾನ್ಯತೆ ಪಡೆಯಿತು, ಪೀಕಿಂಗ್ ಆಪೆರಾ 2010ರಲ್ಲಿ. ನಮ್ಮ ಯಕ್ಷಗಾನ ಆ ಪಟ್ಟಿಯಲ್ಲಿಲ್ಲ. ಕೆರೆಮನೆ ಮೇಳ 1934ರಿಂದ ಇದೆ, ಎಷ್ಟೋ ದೇಶ ಸುತ್ತಿ ಬಂದಿದೆ, ಎಲ್ಲ ಕಲಾವಿದರ ಬೆವರಿನಿಂದ. ಸರ್ಕಾರದ ಹಣ ಬಂದರೆ ಕಲೆ ಕೆಡುತ್ತೆ ಅನ್ನೋರು ಒಮ್ಮೆ ಮಳೆಗಾಲದಲ್ಲಿ ಕಲಾವಿದನ ಮನೆಗೆ ಬಂದು ನೋಡಬೇಕು. ಹಣ ಬರಲಿ. ಯಾವ ಪ್ರಸಂಗ ಆಡಬೇಕು ಅನ್ನೋದು ಮಾತ್ರ ಭಾಗವತರ ಕೈಯಲ್ಲಿರಲಿ.

ಕಲಬುರಗಿ_ಮೇಷ್ಟ್ರು
ಮಾಣಿ ಅವರೇ, ಈ ಇಡೀ ಚರ್ಚೆಯಲ್ಲಿ ನಾನು ಹೇಳಬೇಕು ಅಂತಿದ್ದದ್ದನ್ನು ನೀವು ಹೇಳಿಬಿಟ್ಟಿರಿ. 2014ರಲ್ಲಿ ಪೋರ್ಚುಗಲ್‌ನ ಬ್ರಾಗಾದಲ್ಲಿ ಚೀನಾ ಅಧ್ಯಯನದ ವಿದ್ವಾಂಸರ ಸಮ್ಮೇಳನ ಇತ್ತು. ಕಾರ್ಯಕ್ರಮದ ಪುಸ್ತಕದಲ್ಲಿ ತೈವಾನಿನ ಒಂದು ಪ್ರತಿ‌ಷ್ಠಾನದ ಹೆಸರಿತ್ತು. ಕನ್‌ಫ್ಯೂಶಿಯಸ್ ಇನ್‌ಸ್ಟಿಟ್ಯೂಟ್‌ಗಳ ಮುಖ್ಯಸ್ಥೆ ಆ ಹಾಳೆಗಳನ್ನೇ ಹರಿದು ಹಾಕಿಸಿದರು. ಭಾಗವತಿಕೆಯನ್ನು ಕಚೇರಿ ಕಿತ್ತುಕೊಂಡದ್ದು ಅಂದರೆ ಅದೇ. ಯೂರೋಪಿನ ಎಷ್ಟೋ ವಿದ್ವಾಂಸರು ಅಂದೇ ದೂರ ಆದರು.

ಸೋಲ್‌ನಲ್ಲಿ_ಒಬ್ಬಳು
ಲೀಡ್ಸ್ ಅಕ್ಕ, ನೀವು ಒಮ್ಮೆ ಕ್ಲಾಸಿಗೆ ಹೋಗಿ ಕೂತು ನೋಡಿ. ಪಠ್ಯ ಏನಿದೆ, ಮಕ್ಕಳು ಪ್ರಶ್ನೆ ಕೇಳಿದರೆ ಟೀಚರ್ ಉತ್ತರ ಕೊಡ್ತಾರಾ ನೋಡಿ. ಆಮೇಲೆ ನಿರ್ಧಾರ ಮಾಡಿ.

ಮಲೆನಾಡು_ಟು_ಲೀಡ್ಸ್
ಇವತ್ತು ಹೋಗಿ ಕೂತಿದ್ದೆ. ಶಾಲೆಯವರು ಸಂತೋಷದಿಂದ ಒಪ್ಪಿದರು.

'ಯೊಂಗ್' ಅನ್ನೋ ಅಕ್ಷರ ಬರೆಸಿದರು. ಚುಕ್ಕೆ, ಅಡ್ಡಗೆರೆ, ಕೊಕ್ಕೆ ಎಲ್ಲ ಸೇರಿ ಎಂಟು ಮೂಲ ಗೆರೆಗಳು ಅದೊಂದರಲ್ಲೇ ಬರ್ತವೆ, ಅದಕ್ಕೇ ಮೊದಲು ಅದನ್ನೇ ಕಲಿಸೋದಂತೆ. ಮಗಳ ಕುಂಚ ಕೊಕ್ಕೆಯ ಹತ್ತಿರ ಪ್ರತಿ ಸಲ ಮಸಿ ಚೆಲ್ಲುತ್ತಿತ್ತು. ಟೀಚರ್ ಅವಳ ಕೈ ಮೇಲೆ ಕೈ ಇಟ್ಟು, ಉಸಿರು ಬಿಡು, ಆಮೇಲೆ ಎತ್ತು ಅಂದರು. ಸರಿಯಾಗಿ ಬಂತು.

ಕ್ಲಾಸ್ ಮುಗಿದ ಮೇಲೆ ಮಾತಾಡಿಸಿದೆ. ಮೇಷ್ಟ್ರು ಹೇಳಿದ ಪುಲಕೇಶಿಯ ವಿಷಯ ಹೇಳಿದೆ. ಅವರಿಗೆ ಹ್ಯೂಯೆನ್ ತ್ಸಾಂಗ್ ಗೊತ್ತು, ದಕ್ಷಿಣಕ್ಕೂ ಬಂದಿದ್ದ ಅನ್ನೋದು ಗೊತ್ತಿರಲಿಲ್ಲ. ಆಶ್ಚರ್ಯದಿಂದ ಪುಸ್ತಕದ ಹಿಂದೆ ಬರೆದುಕೊಂಡರು. ಟಿಬೆಟ್ ಬಗ್ಗೆ ಮಕ್ಕಳು ಕೇಳಿದರೆ ಏನು ಹೇಳ್ತೀರಿ ಅಂತಲೂ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಪ್ರಶ್ನೆಗೆ ಈ ಕ್ಲಾಸಿನಲ್ಲಿ ಉತ್ತರ ಕೊಡೋಕೆ ನನಗೆ ಆಗೋದಿಲ್ಲ" ಅಂದರು. ಮುಖ ಕೆಂಪಾಯಿತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಮನೆಯಿಂದ ಅಷ್ಟು ದೂರ.

ಕ್ಲಾಸ್ ಬಿಡಿಸೋದಿಲ್ಲ. ಟೀಚರ್ ಹೇಳೋಕಾಗದ್ದನ್ನು ಮನೆಯಲ್ಲಿ ನಾನೇ ಹೇಳ್ತೀನಿ. ಬೇಸಿಗೆ ರಜೆಗೆ ಊರಿಗೆ ಬಂದಾಗ ಮುಂಡಗೋಡಕ್ಕೂ ಕರ್ಕೊಂಡು ಬರ್ತೀನಿ. ರೈತ ಅಣ್ಣ, ಆ ಹಿರಿಯರು ತಂಗ್ಕಾ ಬರೆಯೋದನ್ನು ಮಗಳು ಪಕ್ಕದಲ್ಲಿ ಕೂತು ನೋಡಬಹುದಾ?

ಮುಂಡಗೋಡ_ರೈತ
ಅವರಿಗೆ ಮಕ್ಕಳು ಅಂದರೆ ಪ್ರಾಣ. ಬನ್ನಿ ತಂಗಿ. ಜುಲೈ ಬೇಡ, ಮಳೆಗೆ ಬಟ್ಟೆ ಒಣಗಲ್ಲ, ಆಗ ಅವರು ಬಣ್ಣ ಹಚ್ಚೋದಿಲ್ಲ. ಅಕ್ಟೋಬರ್ ಆದರೆ ಒಳ್ಳೇದು.

ಮಲೆನಾಡು_ಟು_ಲೀಡ್ಸ್
ಅಕ್ಟೋಬರ್ ಕೊನೆಗೆ ಇಲ್ಲಿ ಒಂದು ವಾರ ರಜೆ ಇದೆ. ಟಿಕೆಟ್ ನೋಡ್ತೀನಿ ಅಣ್ಣ.